ಕೆಂಪು ಬರೆಯುವ ಕಿಟಕಿ

ಟಂಯ್... ಟಂಯ್... ಟಂಯ್.

ರಾಣೆಬೆನ್ನೂರಿನ ಪಿಂಜಾರ ಓಣಿಯಲ್ಲಿ ಬೆಳಗಾಗುತ್ತಿದ್ದುದು ಹತ್ತಿ ಎಕ್ಕುವ ಬಿಲ್ಲಿನ ಈ ಸದ್ದಿನಿಂದ. ಫಕ್ಕೀರಸಾಬರು ಬಿಲ್ಲಿನ ನರ ಮೀಟಿದಾಗೆಲ್ಲ ಗಂಟುಗಂಟಾಗಿದ್ದ ಹತ್ತಿ ಬೆಚ್ಚಿಬಿದ್ದಂತೆ ಮೇಲೇಳುತ್ತಿತ್ತು, ಗಳಿಗೆ ಹೊತ್ತು ಗಾಳಿಯಲ್ಲಿ ನಿಂತು, ಬಿಡಿಬಿಡಿಯಾಗಿ ನೆಲಕ್ಕಿಳಿಯುತ್ತಿತ್ತು. ಅವರ ಮಗಳು ಮುಮ್ತಾಜಬಿ ಕೂದಲಿಗೆ ಒಂದೆರಡು ಎಳೆ ಹತ್ತಿ ಅಂಟಿಸಿಕೊಂಡೇ ನಮಗೆ ಕಂಪ್ಯೂಟರ್ ಕಲಿಸಲು ಕ್ಲಾಸಿಗೆ ಬರುತ್ತಿದ್ದಳು. ತೆಗೆಯಲು ನಮ್ಮಲ್ಲಿ ಯಾರಾದರೂ ಕೈ ಚಾಚಿದರೆ, "ಇರ್ಲಿ ಬಿಡ್ರೇ, ಅದು ನಮ್ಮಪ್ಪಂದು" ಎನ್ನುತ್ತಿದ್ದಳು.

ನಾವು ಆಕೆಯನ್ನು ಅಕ್ಕೋರು ಅನ್ನುತ್ತಿದ್ದೆವು. ಕಲಿಸುವ ಹೆಣ್ಣುಮಕ್ಕಳಿಗೆಲ್ಲ ನಮ್ಮ ಕಡೆ ಅದೇ ಹೆಸರು. ಕುಳ್ಳಗಿನ ಮೈಕಟ್ಟು, ಅಗಲವಾದ ಹಣೆ, ಹುಬ್ಬುಗಳ ನಡುವೆ ಸದಾ ಒಂದು ಗೆರೆ. ಸಿಟ್ಟು ಬಂದಾಗ ಗೆರೆ ಎರಡಾಗುತ್ತಿತ್ತು. ಆಕೆಯ ತಾಯಿ ದೌಲತಬಿ ಗಾದಿ ಹೊಲಿಯುತ್ತ ಹೇಳುತ್ತಿದ್ದರು: "ಈಕಿ ಹುಟ್ಟಿದ ದಿನ ಓಣ್ಯಾಗ ಹತ್ತಿಗೆ ಬೆಂಕಿ ಬಿದ್ದಿತ್ತವಾ. ಎಲ್ಲಾ ಆರಿಸಿದ್ರು, ಒಂದು ಕಿಡಿ ಮಾತ್ರ ಈಕಿ ಮೂಗಿನ ಮ್ಯಾಲೆ ಉಳೀತು."

ಸ್ಟೇಶನ್ ರಸ್ತೆಯಲ್ಲಿ, ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ, ಅಂದಾನೆಪ್ಪ ಮಾಸ್ತರರ ಟೈಪಿಂಗ್ ಕ್ಲಾಸಿತ್ತು. ಊರಿನ ಕಚೇರಿಗಳಲ್ಲಿ ಬೆರಳು ಓಡಿಸುತ್ತಿದ್ದ ಗುಮಾಸ್ತರಲ್ಲಿ ಬಹಳ ಮಂದಿ ಅಲ್ಲಿ ಕಲಿತವರೇ. ಮಾಸ್ತರರ ಹೆಮ್ಮೆಯೆಂದರೆ ಗೋಡೆಗೆ ಚೌಕಟ್ಟು ಹಾಕಿ ತೂಗುಬಿಟ್ಟ ಒಂದು ಹಾಳೆ. ಅವರು ಹರೆಯದಲ್ಲಿ ಹೊಡೆದದ್ದು. ಆ ಹಾಳೆಯಲ್ಲಿ ತಿದ್ದಿದ ಅಕ್ಷರವೊಂದೂ ಇರಲಿಲ್ಲ. ಹೊಸ ಹುಡುಗಿಯರನ್ನು ಮೊದಲ ದಿನ ಆ ಹಾಳೆಯ ಮುಂದೆ ನಿಲ್ಲಿಸಿ, "ನೋಡ್ರೆವಾ, ವಿದ್ಯಾ ಅಂದ್ರ ಇದು. ಕಲೆ ಇಲ್ಲ, ಚಿತ್ತಿಲ್ಲ" ಎನ್ನುತ್ತಿದ್ದರು.

ಹಾವೇರಿ ಜಿಲ್ಲೆಯಾಗುವ ಹಿಂದಿನ ವರ್ಷ ಮಾಸ್ತರರು ನಾಲ್ಕು ಕಂಪ್ಯೂಟರ್ ತರಿಸಿದರು. ಬಿ.ಎಸ್ಸಿ. ಮುಗಿಸಿ, ಅಲ್ಲೇ ಟೈಪಿಂಗ್ ಕಲಿತು, ಹುಬ್ಬಳ್ಳಿಗೆ ಹೋಗಿ ಕಂಪ್ಯೂಟರ್ ಕೋರ್ಸನ್ನೂ ಮಾಡಿಬಂದಿದ್ದ ಮುಮ್ತಾಜಬಿಯನ್ನು ಕರೆದು, "ಕಲಸವಾ" ಅಂದರು. ಆದರೆ ಹೇಗೆ ಕಲಿಸಬೇಕೆನ್ನುವುದು ಅವರ ತಲೆಯಲ್ಲಿ ಮೊದಲೇ ಇತ್ತು. ಟೈಪಿಂಗ್ ಪರೀಕ್ಷೆಯಲ್ಲಿ ತಪ್ಪನ್ನು ಅಳಿಸುವಂತಿಲ್ಲ, ಒಂದೊಂದು ತಪ್ಪಿಗೂ ಅಂಕ ಹೋಗುತ್ತದೆ. ಕಂಪ್ಯೂಟರಿಗೂ ಅದೇ ನ್ಯಾಯ. ಒಂದು ದಿನ ನಾವು ಹೋಗಿ ನೋಡಿದರೆ ನಾಲ್ಕೂ ಕೀಬೋರ್ಡುಗಳಲ್ಲಿ ಅಳಿಸುವ ಕೀ ಇದ್ದ ಜಾಗ ಬೋಳಾಗಿತ್ತು. ಮಾಸ್ತರರು ಚಾಕುವಿನ ತುದಿಯಿಂದ ಎಬ್ಬಿಸಿ, ನಾಲ್ಕನ್ನೂ ಅಂಗಿಯ ಕಿಸೆಯಲ್ಲಿ ಹಾಕಿಕೊಂಡಿದ್ದರು.

"ಮಾಸ್ತರ, ಕೀ ಕೊಡ್ರಿ," ಅಂದಳು ಮುಮ್ತಾಜಬಿ.

"ಅಳಸಾಕ ಬರ್ತೈತಿ ಅಂತ ಗೊತ್ತಾದ್ರ ಹುಡಿಗ್ಯಾರು ತಪ್ಪ ಹೊಡೀತಾವು. ಇಲ್ಲ ಅಂದ್ರ ಬೆರಳು ತಾನ ಹದಕ್ಕ ಬರ್ತೈತಿ."

"ಹಂಗಾರ ನಿಮ್ಮ ಸೈಕಲ್ಲಿನ ಬ್ರೇಕೂ ಬಿಚ್ಚಿಡ್ರಿ. ಹೊಡಿಯೂದು ಹದಕ್ಕ ಬರ್ಲಿ."

ನಾವು ಬಾಯಿಗೆ ಸೆರಗಿಟ್ಟುಕೊಂಡೆವು. ಮುಮ್ತಾಜಬಿ ನಗಲಿಲ್ಲ. ಅಂಗೈ ಚಾಚಿ ನಿಂತೇ ಇದ್ದಳು. ಮಾಸ್ತರರು ಕನ್ನಡಕ ಒರೆಸಿದರು, ಕೆಮ್ಮಿದರು, ಕಿಟಕಿಯಿಂದ ಕೆಳಗೆ ಹೋಗುತ್ತಿದ್ದ ಟಾಂಗಾ ನೋಡಿದರು. ಕೊನೆಗೆ ಕಿಸೆಯಲ್ಲಿದ್ದುದನ್ನು ಆಕೆಯ ಅಂಗೈಗೆ ಸುರಿದು, "ಪಿಂಜಾರ್ರ ಮಗಳು ನೀನು. ಮನಿಯಾಗೂ ಎಕ್ಕೂದ, ಇಲ್ಲೂ ಎಕ್ಕೂದ" ಅಂದರು. ಅದು ಬೈಗುಳವೋ ಹೊಗಳಿಕೆಯೋ ನಮಗೆ ತಿಳಿಯಲಿಲ್ಲ. ಆಕೆ ಮಾತ್ರ ಆ ಮಾತನ್ನು ತಲೆಗೆ ಹಚ್ಚಿಕೊಳ್ಳದೆ ಕೀಗಳನ್ನು ಕೂಡಿಸತೊಡಗಿದಳು.

ಹುಬ್ಬಳ್ಳಿಯಿಂದ ತಂದ ಪತ್ರಿಕೆಯೊಂದರ ಜೊತೆ ಬಂದ ಸಿ.ಡಿ.ಯಲ್ಲಿ ಆಕೆಗೆ ಟಿಕಲ್ ಎಂಬ ಸಣ್ಣ ಭಾಷೆ ಸಿಕ್ಕಿತ್ತು. ದೊಡ್ಡ ಭಾಷೆಗಳಲ್ಲಿ ಇಡೀ ಪ್ರೋಗ್ರಾಮು ಬರೆದು ಮುಗಿಸಿದ ಮೇಲೆ ಉತ್ತರ. ಇದರಲ್ಲಿ ಹಾಗಲ್ಲ. ಒಂದು ಸಾಲು ಬರೆದರೆ ಅಲ್ಲೇ ಒಂದು ಉತ್ತರ, ಎದುರಿಗೆ ಕುಳಿತವರ ಜೊತೆ ಮಾತಾಡಿದಂತೆ. ಹಾಗೆ ಮಾತಾಡುವ ಜಾಗಕ್ಕೆ ಕನ್ಸೋಲ್ ಎನ್ನುತ್ತಾರೆ. ಭಾಷೆಯ ಜೊತೆ ಬಂದಿದ್ದ ಕನ್ಸೋಲು ಬಡಪಾಯಿಯಾಗಿತ್ತು. ತಪ್ಪಿದರೆ ಒರಟು ಇಂಗ್ಲಿಷಿನಲ್ಲಿ ಗದರುತ್ತಿತ್ತು. ಆ ಗದರಿಕೆಯೂ ಉತ್ತರವೂ ಒಂದೇ ಬಣ್ಣ, ಯಾವುದು ಯಾವುದೆಂದು ಹೊಸಬರಿಗೆ ತಿಳಿಯುತ್ತಿರಲಿಲ್ಲ. ಎಲ್ಲಿ ತಪ್ಪಿತೆಂದು ಕೈಹಿಡಿದು ತೋರಿಸುವುದು ಅದಕ್ಕೆ ಗೊತ್ತಿರಲಿಲ್ಲ.

ನಮ್ಮಲ್ಲಿ ಹೊನ್ನವ್ವ ಎಂಬವಳು ಕುಪ್ಪೇಲೂರಿನಿಂದ ಬಸ್ಸಿಗೆ ಬರುತ್ತಿದ್ದಳು. ತಲೆ ತಗ್ಗಿಸಿ ಕೂಡುವ ಹುಡುಗಿ. ಉದ್ದನೆಯ ಸಾಲೊಂದನ್ನು ಮೂರು ಸಲ ಹೊಡೆದು, ಮೂರು ಸಲವೂ ಗದರಿಸಿಕೊಂಡು, ಕೈ ಮಡಿಚಿ ಕುಳಿತುಬಿಟ್ಟಳು. "ಅಕ್ಕೋರ, ಇದಕ್ಕ ನಾ ಅಂದ್ರ ಆಗೂದಿಲ್ಲ," ಅಂದಳು.

ಮುಮ್ತಾಜಬಿಯ ಹುಬ್ಬಿನ ನಡುವೆ ಎರಡನೆಯ ಗೆರೆ ಮೂಡಿತು. "ಕಂಪ್ಯೂಟರೋ ಪೊಲೀಸ ಠಾಣೆನೋ ಇದು? ಕೇಳಿದ್ದಕ್ಕ ನೆಟ್ಟಗ ಉತ್ತರ ಕೊಡಾಕ ಏನು ಧಾಡಿ ಇದಕ್ಕ?"

ಆ ಸಿಟ್ಟಿನಿಂದಲೇ ಆಕೆ ತನ್ನದೊಂದು ಕನ್ಸೋಲು ಕಟ್ಟಲು ಕುಳಿತಳು, ಅದೇ ಟಿಕಲ್ ಭಾಷೆಯಲ್ಲಿ. ಕ್ಲಾಸು ಮುಗಿದ ಮೇಲೆ, ಕರೆಂಟು ಇದ್ದಷ್ಟು ಹೊತ್ತು. ಸುಗ್ಗಿ ಕಳೆದು ಮುಂದಿನ ಬಿತ್ತನೆ ಬರುವ ಹೊತ್ತಿಗೆ ಅದಕ್ಕೊಂದು ರೂಪ ಬಂತು. ಬಿಳಿಯ ಕಿಟಕಿ, ತಲೆಯ ಮೇಲೆ ಆಕೆಯ ಹೆಸರು. ಬಾಣದ ಕೀ ಒತ್ತಿದರೆ ಹಿಂದೆ ಹೊಡೆದ ಸಾಲುಗಳು ಒಂದೊಂದಾಗಿ ಮರಳಿ ಬರುತ್ತಿದ್ದವು, ನಿನ್ನೆ ಮೊನ್ನೆಯವು ಕೂಡ. ತಪ್ಪಿದ್ದಷ್ಟನ್ನು ತಿದ್ದಿ ಮತ್ತೆ ಕೇಳಬಹುದಿತ್ತು. ಕಂಸ ಮುಚ್ಚಿದಾಗ ಅದರ ಜೋಡಿ ಎಲ್ಲಿದೆಯೆಂದು ಮಿನುಗಿ ತೋರಿಸುತ್ತಿತ್ತು. ಹೆಸರಿನ ಅರ್ಧ ಹೊಡೆದರೆ ಉಳಿದರ್ಧ ತಾನೇ ತುಂಬುತ್ತಿತ್ತು. ಕೇಳಿದ್ದು ಕಪ್ಪಗೆ, ಉತ್ತರ ನೀಲಿಯಲ್ಲಿ, ತಪ್ಪು ಕೆಂಪಗೆ. ಕೆಂಪು ಸಾಲುಗಳನ್ನು ಆಕೆ ಇಂಗ್ಲಿಷ್ ಅಕ್ಷರಗಳಲ್ಲೇ ನಮ್ಮ ಮಾತಿನಲ್ಲಿ ಬರೆಸಿದ್ದಳು. 'ಈ ಹೆಸರು ನಾ ಕೇಳಿಲ್ಲವಾ, ಮೊದಲ ಹೇಳಿದ್ದಿ ಏನು?' 'ಸೊನ್ನಿಯಿಂದ ಭಾಗ್ಸಾಕ ನಿಮ್ಮಪ್ಪಗೂ ಬರೂದಿಲ್ಲ.'

ನಮ್ಮೆಲ್ಲರಿಗೂ ಒಂದು ಚಾಳಿಯಿತ್ತು. ಮಾಸ್ತರರ ಹಳೆಯ ಟೈಪ್‌ರೈಟರುಗಳಲ್ಲಿ 'ಒಂದು' ಎಂಬ ಅಂಕಿಗೆ ಕೀ ಇರಲಿಲ್ಲ. ಒಂದು ಬೇಕಾದಾಗ ಇಂಗ್ಲಿಷಿನ ಸಣ್ಣ ಎಲ್ ಹೊಡೆಯಬೇಕು ಎಂದು ಅವರೇ ಕಲಿಸಿದ್ದರು. ಕಾಗದದ ಮೇಲೆ ಎರಡೂ ಒಂದೇ ನಿಂತ ಗೆರೆ. ಕಂಪ್ಯೂಟರಿನ ಮುಂದೆ ಕುಳಿತರೂ ಬೆರಳು ಆ ಕೀಗೇ ಹೋಗುತ್ತಿತ್ತು. ಲೆಕ್ಕದ ನಡುವೆ ಅಕ್ಷರ ಬಂದರೆ ಕಂಪ್ಯೂಟರು ಲೆಕ್ಕ ಮಾಡುವುದಿಲ್ಲ. ಅದಕ್ಕಾಗಿ ಆಕೆ ಬೇರೆಯದೇ ಕೆಂಪು ಸಾಲು ಬರೆದಿದ್ದಳು: 'ಇದು ಅಂಕಿ ಅಲ್ಲ ಮಾರಾಯ್ತಿ, ಅಕ್ಷರ. ಮ್ಯಾಲಿನ ಸಾಲಿನ ಒಂದು ಒತ್ತು.' ಅದನ್ನು ಮೊದಲು ಕಂಡಾಗ ಹೊನ್ನವ್ವ ನಕ್ಕಳು. ಆಕೆ ಕ್ಲಾಸಿನಲ್ಲಿ ನಕ್ಕದ್ದನ್ನು ನಾವು ನೋಡಿದ್ದು ಅದೇ ಮೊದಲು.

ಆಮೇಲೆ ಹೊನ್ನವ್ವನನ್ನು ತಡೆಯುವವರಿರಲಿಲ್ಲ. ತಪ್ಪಿದರೆ ಏನಾಗುತ್ತದೆ ಎನ್ನುವ ಹೆದರಿಕೆ ಹೋದದ್ದೇ ಆಕೆ ಕೇಳತೊಡಗಿದಳು, ಅದನ್ನೂ ಇದನ್ನೂ, ಬೇಕಾದ್ದನ್ನೂ ಬೇಡದ್ದನ್ನೂ. ಊರಿನ ಬೀಜದ ವ್ಯಾಪಾರಿ ಕೊಟ್ರಪ್ಪ ತಮ್ಮ ಮೊಳಕೆ ಲೆಕ್ಕವನ್ನು ನಮ್ಮ ಕ್ಲಾಸಿಗೆ ತರುತ್ತಿದ್ದರು. ಒಂದೊಂದು ಲಾಟಿನ ಇನ್ನೂರು ಬೀಜವನ್ನು ಒದ್ದೆ ಕಾಗದದಲ್ಲಿಟ್ಟು, ಎಷ್ಟು ಮೊಳೆತವೆಂದು ಎಣಿಸಿ, ನೂರಕ್ಕೆ ಎಷ್ಟು ಎಂದು ಲೆಕ್ಕ ಹಾಕಿಸುವುದು. ಆ ಕೆಲಸವನ್ನು ಮುಮ್ತಾಜಬಿ ಹೊನ್ನವ್ವನಿಗೆ ಒಪ್ಪಿಸಿದಳು.

ಹಾವೇರಿ ಜಿಲ್ಲೆಯಾಯಿತು. ಹೊಸ ಕಚೇರಿಗಳು ಬಂದವು. ಹೆಣ್ಣುಮಕ್ಕಳಿಗೆ ಕಂಪ್ಯೂಟರ್ ತರಬೇತಿ ಕೊಡಿಸಲು ಒಳ್ಳೆಯ ಕ್ಲಾಸೊಂದನ್ನು ಆರಿಸುತ್ತಾರಂತೆ, ಅಲ್ಲಿಂದ ಸಾಹೇಬರೊಬ್ಬರು ನೋಡಲು ಬರುತ್ತಾರಂತೆ ಎಂಬ ಸುದ್ದಿ ಬಂದಾಗ ಮಾಸ್ತರರು ಗೋಡೆಗೆ ಸುಣ್ಣ ಹೊಡೆಸಿದರು. ಬಳಿಕ ಮುಮ್ತಾಜಬಿಯನ್ನು ಕರೆದರು.

"ನಿನ್ನ ಕಿಟಕಿ ಚೊಲೋ ಐತವಾ. ಸಾಹೇಬ್ರಿಗೂ ಅದನ್ನ ತೋರ್ಸೂನು. ಆದ್ರ ಆ ಕೆಂಪ ತಗಿ."

"ಯಾಕ್ರಿ?"

"ಪರದೆ ತುಂಬಾ ಕೆಂಪ ಕಂಡ್ರ ಏನ ತಿಳ್ಕೊಂಡಾರು? ಅಂದಾನೆಪ್ಪನ ಹುಡಿಗ್ಯಾರಿಗೆ ಏನೂ ಬರೂದಿಲ್ಲ ಅಂತಾರ."

"ಕೆಂಪ ಬಂದದ್ದಕ್ಕ ಅವಕ್ಕ ಇಷ್ಟರ ಬಂದೇತ್ರಿ."

"ಬ್ಯಾರೆ ಬಣ್ಣಾರ ಹಚ್ಚು. ಹಸಿರ ಹಚ್ಚು."

"ಮಾಸ್ತರ, ಬ್ಯಾಡಗ್ಯಾಗ ಮೆಣಸಿನಕಾಯಿಗೆ ನೀರ ಹೊಡ್ಯಾವ್ರು ಇದ್ದಾರ. ಅವತ್ತ ತೂಕ ಬರ್ತೈತಿ, ಹೊಳೀತೈತಿ. ನಾಕ ದಿನಕ್ಕ ಒಳಗ ಕಪ್ಪಾಗಿರ್ತೈತಿ. ನೀವು ಹೇಳೂದು ಅದ."

ಮಾಸ್ತರರು ಗೋಡೆಯ ಮೇಲಿನ ತಮ್ಮ ಹಾಳೆಯ ಕಡೆ ನೋಡಿದರು. "ನಿನಗ ತಿಳಿಯೂದಿಲ್ಲ ಬಿಡು," ಅಂದರು. ಅವರ ದನಿಯಲ್ಲಿ ಕೇಡು ಇರಲಿಲ್ಲ, ನೋವಿತ್ತು. ಅದು ನಮಗೆ ಕೇಳಿಸಿತು. ಮುಮ್ತಾಜಬಿಗೆ ಕೇಳಿಸಿತೋ ಇಲ್ಲವೋ, ಆಕೆ ಆಗಲೇ ಎದ್ದು ಹೋಗಿದ್ದಳು.

ಅದೇ ವಾರ ಬ್ಯಾಡಗಿಯಲ್ಲಿ ಆಕೆಯ ಅಕ್ಕ ಖತೀಜಾಬಿ ಹೆತ್ತಳು. ಬಾಣಂತಿಯನ್ನು ನೋಡಿಬರಲು ಮುಮ್ತಾಜಬಿ ಕೆಲವು ದಿನ ರಜೆ ಹಾಕಿ ಹೋದಳು. ಹೋಗುವಾಗ ಹೊನ್ನವ್ವನಿಗೆ, "ಕೊಟ್ರಪ್ಪಾರ ಲಾಟು ನೀನ ಮಾಡು. ಕೆಂಪ ಬಂದ್ರ ಓದು, ತಿದ್ದು. ಬರ್ಲಿಲ್ಲ ಅಂದ್ರ ಎಲ್ಲಾ ಸರಿ ಐತಿ ಅಂತ ತಿಳಿ" ಎಂದು ಹೇಳಿದ್ದಳು.

ಟಿಕಲ್‌ನಲ್ಲಿ ಬರೆದದ್ದು ಯಾರು ಬೇಕಾದರೂ ತೆರೆದು ಓದಬಹುದಾದ ಸಾದಾ ಬರಹ. ಅಂದಾನೆಪ್ಪ ಮಾಸ್ತರರು ಅದನ್ನು ತೆರೆದರು. ಭಾಷೆ ತಿಳಿಯದಿದ್ದರೂ 'ರೆಡ್' ಎಂಬ ಮಾತನ್ನು ಹುಡುಕಲು ಅವರಿಗೆ ಬರುತ್ತಿತ್ತು. ಒಂದೊಂದು ಸಾಲು ತೆಗೆದು ನೋಡಿದರು. ಕಿಟಕಿ ಕೆಟ್ಟಾಗ ಮತ್ತೆ ಹಾಕಿದರು, ಇನ್ನೊಂದನ್ನು ತೆಗೆದರು. ಕೊನೆಗೆ ತಪ್ಪನ್ನು ಪರದೆಗೆ ಬರೆಯುವ ಸಾಲು ಕೈಗೆ ಸಿಕ್ಕಿತು. ಅದು ಹೋದ ಮೇಲೆ ಕಿಟಕಿ ಎಂದಿನಂತೆಯೇ ತೆರೆಯಿತು. ತಪ್ಪು ಹೊಡೆದರೂ ಏನೂ ಅನ್ನುತ್ತಿರಲಿಲ್ಲ. ಸುಮ್ಮನೆ ಮುಂದಿನ ಸಾಲಿಗೆ ಹೋಗಿ ನಿಲ್ಲುತ್ತಿತ್ತು. ಅವರ ಕಣ್ಣಿಗೆ ಅದು ಕಲೆಯಿಲ್ಲದ ಹಾಳೆ. ಕಿಟಕಿಯ ತಲೆಯ ಮೇಲಿದ್ದ ಹೆಸರನ್ನೂ ಅಳಿಸಿ ತಮ್ಮ ಹೆಸರು ಹೊಡೆದರು.

ಮುಮ್ತಾಜಬಿ ಬ್ಯಾಡಗಿಯಿಂದ ಮರಳಿದ ದಿನ ಆಕೆಯ ಬಟ್ಟೆಯಿಂದ ಮೆಣಸಿನ ಘಾಟು ಬರುತ್ತಿತ್ತು. ಮೆಟ್ಟಿಲು ಹತ್ತುವಾಗಲೇ ಮೇಲಿನಿಂದ ಕೊಟ್ರಪ್ಪನವರ ದನಿ ಕೇಳಿಸಿರಬೇಕು.

"ಇನ್ನೂರಕ್ಕ ಮೂವತ್ತೊಂದು ಮೊಳತಾವು! ನಾನ ಕೂತು ಎಣಿಸೇನಿ. ಸತ್ತ ಬೀಜಕ್ಕ ನೂರಕ್ಕ ತೊಂಬತ್ತೊಂದು ಅಂತ ಹಾಕಿ ಕೊಟ್ಟೀರಲ್ಲೋ ಪುಣ್ಯಾತ್ಮರ! ನಾ ಕಣ್ಣ ಮುಚ್ಚಿ ಇದನ್ನ ಚೀಲಕ್ಕ ಹಚ್ಚಿದ್ದೆ ಅಂದ್ರ ಮೇಡ್ಲೇರಿ ರೈತ ಮಂದಿ ಬಂದು ನನ್ನನ್ನ ಹೊಲದಾಗ ಬಿತ್ತತಿದ್ರು."

"ಹುಡುಗಿ ತಪ್ಪ ಮಾಡ್ಯಾಳ್ರಿ," ಮಾಸ್ತರರು ಅನ್ನುತ್ತಿದ್ದರು. "ಕುಪ್ಪೇಲೂರ ಬಸ್ಸಿನ್ಯಾಗ ತೂಕಡಿಸಿಗೋತ ಬರ್ತಾಳ, ಇಲ್ಲಿ ಬಂದು ತಪ್ಪ ಹೊಡೀತಾಳ. ಏ ಹೊನ್ನವ್ವಾ, ನಾಳಿಂದ ನೀ ಟೈಪ್‌ರೈಟರಿಗೇ ಕುಂದ್ರು. ಕಂಪ್ಯೂಟರ್ ಮುಟ್ಟಬ್ಯಾಡ."

ಹೊನ್ನವ್ವ ಮತ್ತೆ ಕೈ ಮಡಿಚಿ ಕುಳಿತಿದ್ದಳು.

ಮುಮ್ತಾಜಬಿ ನೇರ ಬಂದು ಹೊನ್ನವ್ವನ ಪಕ್ಕದ ಕುರ್ಚಿ ಎಳೆದು ಕುಳಿತಳು. ಬಾಣದ ಕೀ ಒತ್ತಿ ಹಿಂದಿನ ಸಾಲುಗಳನ್ನು ತರಿಸಿದಳು. ತೊಂಬತ್ತೊಂದು ಬಂದ ಲಾಟಿನ ಸಾಲು ಬಂತು. ಅದರ ಮುಂದಿನದೇ ಮೂವತ್ತೊಂದರ ಸಾಲು. ಹೊನ್ನವ್ವನ ಬೆರಳು ಹಳೆಯ ಚಾಳಿಯಂತೆ ಒಂದರ ಜಾಗಕ್ಕೆ ಎಲ್ ಹೊಡೆದಿತ್ತು. ಕಂಪ್ಯೂಟರು ಆ ಲೆಕ್ಕವನ್ನು ಮಾಡಿರಲಿಲ್ಲ, ಮಾಡಲಿಲ್ಲವೆಂದು ಹೇಳಲು ಅದಕ್ಕೆ ಬಾಯಿಯೂ ಉಳಿದಿರಲಿಲ್ಲ. ಹಿಂದಿನ ಲಾಟಿನ ತೊಂಬತ್ತೊಂದು ಉತ್ತರದ ಜಾಗದಲ್ಲಿ ಹಾಗೇ ಕುಳಿತಿತ್ತು. ಹೊನ್ನವ್ವ ಅದನ್ನೇ ಉತ್ತರವೆಂದು ನಂಬಿ ಬರೆದುಕೊಟ್ಟಿದ್ದಳು.

"ಕೆಂಪ ಬರ್ಲಿಲ್ರಿ ಅಕ್ಕೋರ," ಹೊನ್ನವ್ವ ಮೆಲ್ಲಗೆ ಅಂದಳು. "ನೀವು ಹೇಳಿದ್ರಲ್ಲ, ಬರ್ಲಿಲ್ಲ ಅಂದ್ರ ಸರಿ ಐತಿ ಅಂತ."

ಆಗ ಮುಮ್ತಾಜಬಿ ತಲೆಯೆತ್ತಿ ಕಿಟಕಿಯ ಮೇಲಿನ ಹೆಸರು ಓದಿದಳು. ಕುರ್ಚಿ ತಿರುಗಿಸಿದಳು. ಆಕೆಯ ಸಿಟ್ಟನ್ನು ನಾವು ಬಹಳ ಸಲ ನೋಡಿದ್ದೆವು, ದನಿ ಏರುತ್ತಿತ್ತು, ಕೈ ಆಡುತ್ತಿತ್ತು. ಅವತ್ತು ದನಿ ಏರಲಿಲ್ಲ.

"ಹೆಸರು ಇಟ್ಕೋರಿ ಮಾಸ್ತರ. ಹೆಸರಿಗೆ ನಾ ಅಳೂದಿಲ್ಲ. ಆ ಸಾಲು ಯಾಕ ತಗದ್ರಿ?"

"ಒಂದ ಸಾಲು ತಗದೆ. ಅಷ್ಟಕ್ಕ..."

"ಎಲ್ ಹೊಡಿಯೂದನ್ನ ಕಲಿಸಿದವ್ರು ನೀವು. ಅದನ್ನ ಹಿಡಿಯೂ ಸಾಲು ಕಿತ್ತವ್ರೂ ನೀವು. ಬೈಯೂದು ಈಕೀನ. ಯಾವೂರ ನ್ಯಾಯರೀ ಇದು?"

ಕೊಟ್ರಪ್ಪ ನಡುವೆ ಬಾಯಿ ಹಾಕಿದರು. "ಅಂದರ, ಮಷಿನ್ನಿಗೆ ಗೊತ್ತಿತ್ತು, ಹೇಳಾಕ ಬಿಡಲಿಲ್ಲ ಅಂತೀಯೇನ್ ತಂಗಿ?"

"ಹೌದ್ರಿ."

"ಭಾಳ ಚೊಲೋ ಆತು. ನಮ್ಮ ಕಾಕಾನೂ ಹಿಂಗ ಮಾಡಿದ್ದ. ಕಳ್ಳರು ಬಂದಾಗ ನಾಯಿ ಬೊಗಳಿತು, ನಿದ್ದಿ ಕೆಡ್ತೈತಿ ಅಂತ ನಾಯಿ ಬಾಯಿ ಕಟ್ಟಿದ."

ಯಾರೋ ಕಿಸಕ್ಕನೆ ನಕ್ಕರು. ಮಾಸ್ತರರ ಮುಖ ಸುಣ್ಣದ ಗೋಡೆಯಂತಾಯಿತು. ಮುಮ್ತಾಜಬಿ ನಮ್ಮ ಕಣ್ಣೆದುರೇ ಕಿತ್ತ ಸಾಲನ್ನು ಮತ್ತೆ ಬರೆದಳು, ಮೂವತ್ತೊಂದರ ಸಾಲನ್ನು ಇದ್ದಂತೆಯೇ ಇನ್ನೊಮ್ಮೆ ಕೊಟ್ಟಳು. 'ಇದು ಅಂಕಿ ಅಲ್ಲ ಮಾರಾಯ್ತಿ' ಎಂದು ಕೆಂಪಗೆ ಬಂತು. ಹೊನ್ನವ್ವ ತಾನೇ ಕೈ ಚಾಚಿ ಎಲ್ ಅಳಿಸಿ ಒಂದು ಹೊಡೆದಳು. ಉತ್ತರ ನೀಲಿಯಲ್ಲಿ ಬಂತು, ಹದಿನೈದೂವರೆ.

"ಈಗ ಈಕೀಗೆ ಹೇಳ್ರಿ," ಅಂದಳು ಮುಮ್ತಾಜಬಿ.

"ಏನು?"

"ತಪ್ಪು ಯಾರದು ಅಂತ."

ಮಾಸ್ತರರು ಏನೋ ಹೇಳಹೋದರು. ರಿಬ್ಬನ್ ಒಣಗಿದ ಮಷಿನ್ನಿನಂತೆ ತುಟಿ ಆಡಿತು, ಅಕ್ಷರ ಮೂಡಲಿಲ್ಲ. "ನಂದ," ಅಂದರು ಕೊನೆಗೆ. "ಆಕೀದಲ್ಲ, ನಂದ. ಇನ್ನ ಆ ಸಾಲ ಮುಟ್ಟೂದಿಲ್ಲ, ಆತಿಲ್ಲೋ? ಕೊಟ್ರಪ್ಪಾರ ಮುಂದ ಹೇಳೇನಿ."

ಆಕೆ ಅದನ್ನು ನಂಬಿದಳು. ಕೋಪಿಷ್ಠರು ಬೇಗ ನಂಬುತ್ತಾರೆ ಎಂದು ದೌಲತಬಿ ಆಮೇಲೆ ನಮ್ಮ ಮುಂದೆ ಅಂದದ್ದುಂಟು.

ಸಾಹೇಬರು ಬರುವ ದಿನ ಮೆಟ್ಟಿಲಿಗೆ ರಂಗೋಲಿ ಬಿತ್ತು. ನಾವೆಲ್ಲ ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು ಬಂದಿದ್ದೆವು. ಮೊದಲ ಕಂಪ್ಯೂಟರಿನ ಮುಂದೆ ಹೊನ್ನವ್ವನನ್ನು ಕೂರಿಸಬೇಕೆಂದು ಮುಮ್ತಾಜಬಿ ಹಟ ಹಿಡಿದಿದ್ದಳು, ಮಾಸ್ತರರು ತಕರಾರು ಮಾಡಲಿಲ್ಲ. ಅಷ್ಟು ಬೇಗ ಒಪ್ಪಿದಾಗಲೇ ನಮಗೆ ಏನೋ ಅನ್ನಿಸಬೇಕಿತ್ತು.

ಸಾಹೇಬರು ಹಾವೇರಿಯಿಂದ ಜೀಪಿನಲ್ಲಿ ಬಂದರು. ತಾಳ್ಮೆಯ ಮನುಷ್ಯ. ಗೋಡೆಯ ಹಾಳೆಯನ್ನು ಮೆಚ್ಚಿದರು, ಚಹಾ ಕುಡಿದರು, ನಮ್ಮ ಊರುಗಳ ಹೆಸರು ಕೇಳಿದರು. ಬಳಿಕ ಹೊನ್ನವ್ವನ ಹಿಂದೆ ಬಂದು ನಿಂತು, "ಇದೇನವಾ? ಬ್ಯಾರೆ ಕ್ಲಾಸಿನ್ಯಾಗ ಇಂಥಾದ್ದು ನೋಡ್ಲಿಲ್ಲ ನಾನು. ಇದರಾಗ ವಿಶೇಷ ಏನು?" ಎಂದು ಕೇಳಿದರು.

ಹೊನ್ನವ್ವ ಮುಮ್ತಾಜಬಿಯ ಕಡೆ ನೋಡಿದಳು. ಮುಮ್ತಾಜಬಿ ಮುಂದೆ ಬಂದಳು. ಆಕೆಯ ಹಣೆಯಲ್ಲಿ ಅವತ್ತು ಒಂದೂ ಗೆರೆ ಇರಲಿಲ್ಲ.

"ವಿಶೇಷ ಅಂದ್ರ ಇದರಾಗ ಧೈರ್ಯಾಗಿ ತಪ್ಪ ಮಾಡಬಹುದ್ರಿ. ಎಲ್ಲಿ ತಪ್ಪೇತಿ ಅಂತ ಇದ ಹೇಳ್ತೈತಿ, ಹುಡಿಗ್ಯಾರ ಮಾತಿನ್ಯಾಗ. ಆಮ್ಯಾಲೆ ಆ ಸಾಲು ಮತ್ತ ಕರದು, ತಿದ್ದಿ, ಮತ್ತ ಕೇಳಬಹುದು. ಹೊನ್ನವ್ವಾ, ಹತ್ತನ್ನ ಸೊನ್ನಿಯಿಂದ ಭಾಗ್ಸು. ನೋಡ್ರಿ ಸಾಹೇಬ್ರ, ಈಗ ಬೈತೈತಿ."

ಹೊನ್ನವ್ವ ಸಾಲು ಹೊಡೆದು ಒತ್ತಿದಳು.

ಏನೂ ಬರಲಿಲ್ಲ. ಬಿಳಿಯ ಕಿಟಕಿ ಬಿಳಿಯಾಗಿಯೇ ಇತ್ತು. ಕರ್ಸರು ಮುಂದಿನ ಸಾಲಿಗೆ ಹೋಗಿ ಕಣ್ಣು ಮಿಟುಕಿಸುತ್ತ ನಿಂತಿತು.

ಹೊನ್ನವ್ವ ಇನ್ನೊಮ್ಮೆ ಒತ್ತಿದಳು. ಕೆಳಗೆ ಬಟ್ಟೆ ಅಂಗಡಿಯಲ್ಲಿ ಯಾರೋ ಅರಿವೆ ಹರಿದ ಸದ್ದು ಮೇಲಕ್ಕೆ ಕೇಳಿತು.

ಅಂದಾನೆಪ್ಪ ಮಾಸ್ತರರು ಎರಡು ಹೆಜ್ಜೆ ಮುಂದೆ ಬಂದು ಕೈ ಜೋಡಿಸಿದರು. "ನೋಡ್ರಿ ಸಾಹೇಬ್ರ," ಅಂದರು, ಅಳುವ ಹತ್ತಿರದ ನಗುವಿನಲ್ಲಿ, "ನಮ್ಮಲ್ಲಿ ತಪ್ಪ ಅಂಬೋದ ಬರೂದಿಲ್ಲ."

ಮುಮ್ತಾಜಬಿ ಅವರನ್ನು ನೋಡಿದಳು. ಬಳಿಕ ಗೋಡೆಯನ್ನು, ಚೌಕಟ್ಟಿನ ಹಾಳೆಯನ್ನು. ಆಕೆಯ ಕೈ ಕೀಬೋರ್ಡಿನತ್ತ ಹೋಯಿತು. ಅವರು ಮತ್ತೆ ಕಿತ್ತಿದ್ದ ಆ ಸಾಲನ್ನು ಬರೆಯಲು ಆಕೆಗೆ ಹೆಚ್ಚು ಹೊತ್ತು ಬೇಕಿರಲಿಲ್ಲ. ನಾವೆಲ್ಲ ಅದನ್ನೇ ಕಾಯುತ್ತಿದ್ದೆವು. ಕೈ ಅರ್ಧಕ್ಕೇ ನಿಂತಿತು, ಹಿಂದಕ್ಕೆ ಬಂತು. ಈಗ ಬರೆದರೂ ಸಾಹೇಬರು ಹೋದ ಮೇಲೆ ಅದು ಇರುವುದಿಲ್ಲವೆಂದು ಆಕೆಗೆ ತಿಳಿದಂತಿತ್ತು.

"ಸಾಹೇಬ್ರ," ಅಂದಳು. "ಹತ್ತನ್ನ ಸೊನ್ನಿಯಿಂದ ಭಾಗಿಸಿದ್ರ ಸುಮ್ಮನ ಕುಂದರೂ ಮಷಿನ್ನಿನ ಮುಂದ ನಿಮ್ಮ ಹೆಣ್ಮಕ್ಕಳನ್ನ ಕೂಡಸಬ್ಯಾಡ್ರಿ. ಈ ಮಾಸ್ತರಿಗೆ ಬೇಕಾಗಿದ್ದು ಕಲಿಯೂ ಹುಡಿಗ್ಯಾರಲ್ಲ. ತೋರಸಾಕ ಒಂದು ಹಾಳಿ."

"ಮುಮ್ತಾಜಬೀ!" ಮಾಸ್ತರರು ಕೂಗಿದರು.

ಸಾಹೇಬರು ಏನೋ ಕೇಳಲು ಕೈಯೆತ್ತಿದರು. ಆಕೆ ಅದನ್ನು ನೋಡಲಿಲ್ಲ. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ, ತಿರುಗದೆಯೇ ಮಾತಾಡಿದಳು.

"ಹೊನ್ನವ್ವಾ, ಏಳು. ನಾಳಿಂದ ನಮ್ಮನಿಗೆ ಬಾ. ಅಲ್ಲಿ ಕಂಪ್ಯೂಟರ್ ಇಲ್ಲ, ಹತ್ತಿ ಧೂಳ ಐತಿ. ಇರ್ಲಿ, ಪಾಟಿ ಮ್ಯಾಲೆ ಬರಿಯೂನು. ನೀ ಬೇಕಾದ್ದ ಬರಿ, ಬೇಕಾದಷ್ಟ ತಪ್ಪ ಬರಿ, ನಾ ಇದ್ದೇನಿ ಹೇಳಾಕ, ಮತ್ತ ಒಂದ ಮಾತು, ಯಾರ ಏನರ ಅಂದ್ರ ನೀ..." ಎನ್ನುತ್ತಲೇ ಆಕೆ ರಂಗೋಲಿ ತುಳಿದು ಮೆಟ್ಟಿಲಿಳಿದು ಹೋದಳು; ಉಳಿದ ಮಾತು ಮೇಲಿದ್ದ ನಮಗೆ ಕೇಳಿಸಲಿಲ್ಲ.